ಮೊದಲ ಸಾಲಿನ ಹಳದಿ ಕುಳಿ

ಆಕೆಯನ್ನು ನಾನು ಮೊದಲು ಕಂಡದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ರಕ್ತ ತೆಗೆಯುವ ಕೋಣೆಯಲ್ಲಿ. ನನ್ನ ಹೆಂಡತಿಯ ಬೆರಳ ಗೆಣ್ಣುಗಳು ಊದಿಕೊಂಡು, ಬೆಳಗ್ಗೆ ಎದ್ದರೆ ಲೋಟ ಹಿಡಿಯುವುದೂ ಕಷ್ಟವಾಗಿದ್ದ ಕಾಲ ಅದು. ಹೊಲಿಗೆ ಕಲಿಸಿ ಹೆಸರು ಮಾಡಿದ ಕೈಗಳು ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುವ ಸ್ಥಿತಿಗೆ ಬಂದಿದ್ದವು. ಸಂಧಿವಾತವೇನೋ ಎಂದು ವೈದ್ಯರು ರಕ್ತಪರೀಕ್ಷೆ ಮಾಡಿಸಿದಾಗಲೆಲ್ಲ 'ಇಲ್ಲ' ಎಂದೇ ಬರುತ್ತಿತ್ತು. ಪರೀಕ್ಷೆಯಲ್ಲಿ ಕಾಣದ ನೋವನ್ನು ಯಾರು ನಂಬುತ್ತಾರೆ? ವಯಸ್ಸಾಯಿತು ಎಂದರು ಒಬ್ಬರು. ಯೋಚನೆ ಜಾಸ್ತಿ ಎಂದರು ಇನ್ನೊಬ್ಬರು.

ಅಂದು ಬಿಳಿಯ ಕೋಟು ತೊಟ್ಟ ತೆಳ್ಳನೆಯ ಹೆಂಗಸೊಬ್ಬಳು ಮಾತಿಲ್ಲದೆ ತೋಳು ಸವರಿ, ನರ ಹುಡುಕಿ, ಸೂಜಿ ಹೊಕ್ಕದ್ದೇ ತಿಳಿಯದಂತೆ ರಕ್ತ ತೆಗೆದಳು. ಮತ್ತೆ ಇನ್ನೊಂದು ಖಾಲಿ ಕೊಳವೆಯನ್ನು ಕೈಗೆತ್ತಿಕೊಂಡು ನನ್ನ ಹೆಂಡತಿಯ ಮುಖ ನೋಡಿದಳು.

"ಅಮ್ಮಾ, ಇನ್ನೊಂದು ತಗೊಳ್ಳಲಾ? ಇದು ಆಸ್ಪತ್ರೆಗಲ್ಲ, ನನಗೆ."

"ನಿನಗ್ಯಾಕಮ್ಮ ನನ್ನ ರಕ್ತ?"

"ನಿಮ್ಮದು ಸಂಧಿವಾತವೇ ಅನ್ಸುತ್ತೆ. ಹಳೇ ಪರೀಕ್ಷೆಗೆ ಸಿಗ್ತಾ ಇಲ್ಲ ಅಷ್ಟೆ. ನಾನೊಂದು ಹೊಸದು ಮಾಡ್ತಿದೀನಿ. ಅದಕ್ಕಾದ್ರೂ ಸಿಗುತ್ತಾ ನೋಡ್ಬೇಕು."

"ತಗೋ ತಾಯಿ. ನೋವಿದೆ ಅಂತ ನಂಬಿದೋಳು ನೀನೊಬ್ಬಳೇ. ಒಂದು ಕೊಡ ತಗೊಂಡ್ರೂ ಬೇಡ ಅನ್ನಲ್ಲ."

ಆಕೆ ರಕ್ತ ತೆಗೆಯುವ ಕೆಲಸದವಳಲ್ಲ, ಅದೇ ಕಟ್ಟಡದ ಮೇಲಂತಸ್ತಿನ ಪ್ರಯೋಗಾಲಯದ ಸಂಶೋಧಕಿ ಎಂಬುದು ಆಮೇಲೆ ತಿಳಿಯಿತು. ಬೇರೆಯವರು ಅವಸರದಲ್ಲಿ ಎಳೆದ ರಕ್ತ ಕೊಳವೆಯಲ್ಲೇ ಒಡೆದು, ಅದರ ತಿಳಿ ಕೆಂಪಾಗಿ ಕೆಡುತ್ತದೆಂದು ತನಗೆ ಬೇಕಾದುದನ್ನು ತಾನೇ ಇಳಿದು ಬಂದು ತೆಗೆಯುತ್ತಿದ್ದಳು. ಬೇರೆಯವರ ಕೈಯ ಮೇಲೆ ಆಕೆಗೆ ನಂಬಿಕೆ ಕಡಿಮೆ. ನನ್ನ ಹೆಂಡತಿ ಅಂದೇ ಆಕೆಗೆ ಸೂಜಿಯಕ್ಕ ಎಂದು ಹೆಸರಿಟ್ಟಳು.

ಕೆಲವು ದಿನಗಳ ಬಳಿಕ ಸಂಜೆ ಸೂಜಿಯಕ್ಕ ನಮ್ಮ ಮನೆಯ ಬಾಗಿಲು ತಟ್ಟಿದಳು. ನೋಡಿದರೆ ಆಕೆಯ ಮನೆ ನಮ್ಮ ಹಿಂದಿನ ಬೀದಿಯಲ್ಲೇ. ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತು, "ಅಮ್ಮಾ, ನನ್ನ ಪರೀಕ್ಷೆಗೆ ಸಿಕ್ತು. ನಿಮ್ಮ ಕುಳಿ ಹಳದಿ. ಚೆನ್ನಾಗಿ ಹಳದಿ," ಎಂದಳು. ಕಾಯಿಲೆ ಇದೆಯೆಂದು ಕೇಳಿ ಅಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ. ನನ್ನ ಹೆಂಡತಿ ಕಣ್ಣೊರೆಸಿಕೊಂಡು ಆಕೆಯನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಅಂದಿನಿಂದ ಕೆಲಸ ಮುಗಿಸಿ ಮನೆಗೆ ಹೋಗುವ ಮುನ್ನ ನಮ್ಮ ಅಡುಗೆಮನೆಯ ಕಿಟಕಿಯ ಬಳಿ ಕುಳಿತು ಟೀ ಕುಡಿಯುವುದು ಸೂಜಿಯಕ್ಕನಿಗೆ ವಾಡಿಕೆಯಾಯಿತು.

ಪರೀಕ್ಷೆಯ ವಿಷಯವನ್ನು ಆಕೆ ಶಾಲಾ ಮೇಷ್ಟ್ರಾದ ನನಗೆ ವಿವರಿಸಿದ್ದು ಹೀಗೆ. ಸಂಧಿವಾತದಲ್ಲಿ ರಕ್ತವು ತನ್ನ ಮನೆಯವರನ್ನೇ ಕಳ್ಳರೆಂದು ತಿಳಿಯುತ್ತದೆ. ದೇಹದ ಪ್ರೋಟೀನಿನ ಒಂದು ಸಣ್ಣ ತುಣುಕು ಸ್ವಲ್ಪ ರೂಪ ಬದಲಿಸಿದರೆ ಸಾಕು, ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿ ಕೀಲುಗಳ ಮೇಲೆ ಬೀಳುತ್ತದೆ. ಸೂಜಿಯಕ್ಕ ಆ ರೂಪ ಬದಲಿಸಿದ ತುಣುಕನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ, ಸಾಲುಸಾಲಾಗಿ ಪುಟ್ಟ ಕುಳಿಗಳಿರುವ ಪ್ಲೇಟಿನ ತಳಕ್ಕೆ ಅಂಟಿಸುತ್ತಿದ್ದಳು. ಮೇಲೆ ರಕ್ತದ ತಿಳಿ ಹಾಕುವುದು, ತೊಳೆಯುವುದು, ಬಣ್ಣ ಬರಿಸುವ ದ್ರಾವಣ ಹಾಕುವುದು. ಪ್ರತಿಕಾಯ ಇದ್ದರೆ ಕುಳಿ ಮೊದಲು ನೀಲಿಯಾಗಿ, ಆಮ್ಲದ ಹನಿ ಬಿದ್ದೊಡನೆ ಹಳದಿಯಾಗುತ್ತದೆ; ಇಲ್ಲದಿದ್ದರೆ ನೀರಿನಂತೆ ಉಳಿಯುತ್ತದೆ. ಇಂಥ ಪರೀಕ್ಷೆಗಾಗಿ ಬೇರೆ ಕಡೆಗಳಲ್ಲಿಯೂ ಜನ ಹುಡುಕುತ್ತಿದ್ದರಂತೆ. ಆದರೆ ತನ್ನ ಪ್ಲೇಟಿನ ಮಾತು ಬಂದಾಗ ಆಕೆಯ ಮುಖ ಮೊದಲ ಸಲ ತಾಯಿಯಾದವಳ ಮುಖದಂತಿರುತ್ತಿತ್ತು.

ಆ ಮುಖ ಗಂಟಿಕ್ಕುತ್ತಿದ್ದದ್ದು ಒಂದೇ ಮಾತಿಗೆ. ಅದು ವಾರಗಿತ್ತಿಯ ಮಾತು.

ವಾರಗಿತ್ತಿ ಮೊದಲು ಆಕೆಯ ಗೆಳತಿ. ಅದೇ ಪ್ರಯೋಗಾಲಯದಲ್ಲಿ ಪಕ್ಕದ ಮೇಜಿನವಳು. ಹುಡುಗಿ ಚುರುಕು, ನಗುಮುಖ, ತನ್ನ ಮೈದುನನಿಗೆ ತಕ್ಕವಳು ಎಂದು ಮದುವೆಯ ಮಾತೆತ್ತಿದವಳು ಸೂಜಿಯಕ್ಕನೇ. ಮದುವೆಯಾಗಿ ಬಂದ ಮೇಲೆ ಮನೆಯಲ್ಲಿ ಇವಳು ದೊಡ್ಡವಳು, ಅವಳು ಚಿಕ್ಕವಳು. ಅತ್ತೆಗೆ ಚಿಕ್ಕವಳನ್ನು ಕಂಡರೆ ಪ್ರಾಣ. ದೊಡ್ಡವಳು ಎಷ್ಟೋ ವರ್ಷ ಮಾಡಿದ ಅಡುಗೆಯನ್ನು ಸುಮ್ಮನೆ ಉಂಡ ಅತ್ತೆ, ಚಿಕ್ಕವಳು ಸಾರಿಗೆ ಉಪ್ಪು ಹಾಕಿದರೂ ಬೀದಿಗೆಲ್ಲ ಕೇಳುವಂತೆ ಹೊಗಳುತ್ತಿದ್ದರು. ತಮ್ಮ ಬೆರಳಿನ ಉಂಗುರವನ್ನು ಬಿಚ್ಚಿ ತೊಡಿಸಿದ್ದೂ ಚಿಕ್ಕವಳಿಗೇ.

"ನಾನೇ ಕೈಯಾರೆ ತಂದ್ಕೊಂಡೆ ಅಮ್ಮಾ," ಎನ್ನುತ್ತಿದ್ದಳು ಸೂಜಿಯಕ್ಕ. "ಬೇರೆಯವರಿಗೆ ವಾರಗಿತ್ತಿ ಮನೇಲಿ ಮಾತ್ರ ಇರ್ತಾಳೆ. ನನಗೆ ಬಸ್ಸಲ್ಲೂ ಅವಳೇ, ಪಕ್ಕದ ಮೇಜಲ್ಲೂ ಅವಳೇ, ಊಟದ ಡಬ್ಬಿ ಬಿಚ್ಚಿದ್ರೆ ಎದುರಿಗೂ ಅವಳೇ."

"ಕೆಟ್ಟವಳಾ?" ಎಂದು ನನ್ನ ಹೆಂಡತಿ ಕೇಳಿದಳು.

"ಕೆಟ್ಟವಳಾಗಿದ್ರೆ ನೆಮ್ಮದಿಯಾಗಿ ಬೈಕೊಂಡು ಇರ್ತಿದ್ದೆ. ಒಳ್ಳೇವಳು. ಅದೇ ಕಷ್ಟ."

ಪ್ರಯೋಗಾಲಯದಲ್ಲಿ ಚಿಕ್ಕವಳು ಹಿಡಿದದ್ದು ಹಳೆಯ ಪರೀಕ್ಷೆಯನ್ನು. ಕಪ್ಪು ಗಾಜಿನ ಮೇಲೆ ರಕ್ತದ ತಿಳಿಯ ಒಂದು ಹನಿ, ಹಾಲಿನಂಥ ದ್ರಾವಣದ ಒಂದು ಹನಿ ಸೇರಿಸಿ ಅಲ್ಲಾಡಿಸುವುದು. ಮೊಸರು ಒಡೆದಂತೆ ಕಣಕಣವಾದರೆ ಕಾಯಿಲೆ, ಹಾಲಿನಂತೆ ನಯವಾಗಿದ್ದರೆ ಇಲ್ಲ. ಅದನ್ನು ಚಿಕ್ಕವಳು ಫ್ರಿಜ್ಜಿಲ್ಲದ ಹಳ್ಳಿಯ ಚಿಕಿತ್ಸಾಲಯದಲ್ಲಿಯೂ ಕೆಡದಂತೆ, ಯಾರು ಬೇಕಾದರೂ ಮಾಡುವಂತೆ ಸರಳಗೊಳಿಸಿದ್ದಳು. ನನ್ನ ಹೆಂಡತಿಯಂಥವರು ಅದಕ್ಕೆ ಸಿಗುತ್ತಿರಲಿಲ್ಲ, ನಿಜ. ಆದರೆ ನೋಡುವವರಿಗೆ ಅದು ಜಾದೂವಿನಂತಿತ್ತು. ಸೂಜಿಯಕ್ಕನ ಪ್ಲೇಟಿಗೆ ಅರ್ಧ ದಿನ ಬೇಕು. ಸಂಸ್ಥೆ ಎರಡರಲ್ಲಿ ಒಂದನ್ನು ಮಾತ್ರ ಮುಂದಕ್ಕೆ ಒಯ್ದು, ಇನ್ನೊಂದನ್ನು ಅಲ್ಲಿಗೇ ಕೈಬಿಡುವುದೆಂದು ಮುಖ್ಯಸ್ಥರು ಹೇಳಿಬಿಟ್ಟಿದ್ದರು. ಚಳಿಗಾಲದ ಕೊನೆಗೆ ಸಭೆ. ಸೂಜಿಯಕ್ಕನ ಇಷ್ಟು ವರ್ಷಗಳ ದುಡಿಮೆ ಉಳಿಯುವುದೋ ಹೋಗುವುದೋ ಅಂದು ತೀರ್ಮಾನ.

ಆ ಪ್ರಯೋಗಾಲಯದಲ್ಲಿ ಒಂದು ಪದ್ಧತಿಯಿತ್ತು. ಹೊಸ ಪರೀಕ್ಷೆ ಕಾಯಿಲೆಯವರನ್ನು ಹಿಡಿದರೆ ಸಾಲದು, ಆರೋಗ್ಯವಂತರನ್ನು ಬಿಡಲೂ ಬೇಕಷ್ಟೆ? ಅದಕ್ಕಾಗಿ ಅಲ್ಲಿ ಕೆಲಸಕ್ಕೆ ಸೇರಿದವರೆಲ್ಲ ತಮ್ಮ ರಕ್ತವನ್ನೇ ಕೊಡುತ್ತಿದ್ದರು. ಪ್ರತಿ ಪ್ಲೇಟಿನ ಮೊದಲ ಸಾಲು, ಅವರ ಮಾತಿನಲ್ಲಿ, 'ನಮ್ಮವರ ಸಾಲು'. ಮುಖ್ಯಸ್ಥರಿಂದ ಹಿಡಿದು ಗಾಜು ತೊಳೆಯುವವನವರೆಗೆ ಎಲ್ಲರೂ ಅಲ್ಲಿ ನೀರಿನಂತೆ ತಿಳಿಯಾಗಿ ನಿಲ್ಲಬೇಕು.

ಎಲ್ಲರೂ ನಿಂತರು, ಒಬ್ಬಳ ಹೊರತು. ಚಿಕ್ಕವಳ ಕುಳಿ ಪ್ರತಿ ಸಲವೂ ಹಳದಿ.

ಸೂಜಿಯಕ್ಕ ಪ್ಲೇಟು ಬದಲಿಸಿದಳು, ಹೆಚ್ಚು ಸಲ ತೊಳೆದಳು, ತುಣುಕನ್ನೇ ಹೊಸದಾಗಿ ತಯಾರಿಸಿದಳು. ಚಿಕ್ಕವಳಿಂದ ಮತ್ತೆ ರಕ್ತ ತೆಗೆದಳು. ಹಳದಿ ಹಳದಿಯೇ. ಸುದ್ದಿ ಪ್ರಯೋಗಾಲಯದಲ್ಲೆಲ್ಲ ಹರಡಿ, ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಚಿಕ್ಕವಳು. ಅಂದು ಮನೆಯಲ್ಲಿ ಊಟಕ್ಕೆ ಕುಳಿತಾಗ ಅತ್ತೆಯ ಮುಂದೆ ಹೇಳಿಯೂ ಬಿಟ್ಟಳು. ಮರುದಿನ ನಮ್ಮ ಅಡುಗೆಮನೆಯಲ್ಲಿ ಸೂಜಿಯಕ್ಕ ಅದನ್ನು ಅವರವರ ದನಿಯಲ್ಲೇ ಆಡಿ ತೋರಿಸಿದಳು.

"ಅತ್ತೆ, ಅಕ್ಕನ ಪರೀಕ್ಷೆ ಪ್ರಕಾರ ನಾನು ದೊಡ್ಡ ರೋಗಿ. ಕೈಕಾಲು ಬಿದ್ದುಹೋಗಿದೆಯಂತೆ. ನಾಳೆಯಿಂದ ಪಾತ್ರೆಯೆಲ್ಲ ಅಕ್ಕಂದೇ."

"ಅಯ್ಯೋ, ನಿನ್ನ ಕೈಗೇನಾಗಿದೆಯೇ, ಬಂಗಾರದಂಥ ಕೈ. ದೊಡ್ಡವಳೇ, ಅದೆಂಥ ಪರೀಕ್ಷೆನೇ ನಿಂದು? ಮನೆಯವರಿಗೇ ಕಾಯಿಲೆ ಅಂಟಿಸುತ್ತೆ."

"ನಿನ್ನ ಗಂಡ ಏನಂದ?" ಎಂದು ನನ್ನ ಹೆಂಡತಿ ವಿಚಾರಿಸಿದಳು.

"ಅವರಾ? ಉಪ್ಪಿನಕಾಯಿ ಕೇಳಿದ್ರು."

ಮುಖ್ಯಸ್ಥರು ಒಳ್ಳೆಯ ಮನುಷ್ಯರು. ಆಕೆಯನ್ನು ಕರೆದು, ಆ ಒಂದು ಕೊಳವೆಯನ್ನು ಸಾಲಿನಿಂದ ತೆಗೆದು ಬೇರೆ ಯಾರದಾದರೂ ಇಡಿ, ಪ್ಲೇಟು ಸ್ವಚ್ಛವಾಗಿ ಕಾಣುತ್ತದೆ ಎಂದರಂತೆ. ಸೂಜಿಯಕ್ಕ ಒಪ್ಪಲಿಲ್ಲ.

"ಯಾಕಮ್ಮ ಹಠ? ತೆಗೆದಿಟ್ರೆ ಮುಗೀತಲ್ಲ," ಎಂದು ಕೇಳಿದೆ ನಾನು.

"ಮೇಷ್ಟ್ರೇ, ನನ್ನ ಪ್ಲೇಟು ಸುಳ್ಳು ಹೇಳಲ್ಲ. ಉಳಿದವರೆಲ್ಲರ ವಿಷಯದಲ್ಲಿ ಸರಿ ಹೇಳಿದ್ದು ಅವಳೊಬ್ಬಳ ವಿಷಯದಲ್ಲಿ ತಪ್ಪುತ್ತಾ? ಅವಳಿಗೆ ಕಾಯಿಲೆ ಇದೆ. ಹೊರಗೆ ಬಂದಿಲ್ಲ ಅಷ್ಟೆ."

ಒಲೆಯ ಕಡೆ ತಿರುಗಿದ್ದ ನನ್ನ ಹೆಂಡತಿ ತಿರುಗದೆಯೇ ಕೇಳಿದಳು: "ಇದೆ ಅಂತ ಹೇಳ್ತಿದೀಯೋ, ಇರಲಿ ಅಂತ ಹೇಳ್ತಿದೀಯೋ?"

ಸೂಜಿಯಕ್ಕ ಲೋಟ ಕೆಳಗಿಟ್ಟು ಎದ್ದು ಹೋದಳು. ಕೆಲವು ದಿನ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಮತ್ತೆ ಬಂದಾಗ ಆಕೆಯ ಮಾತೆಲ್ಲ ಚಿಕ್ಕವಳದೇ. ಫ್ರಿಜ್ಜಿನಲ್ಲಿ ತನ್ನ ಖಾನೆಯನ್ನು ಚಿಕ್ಕವಳ ಬಾಟಲಿಗಳಿಗೆ ಬಿಟ್ಟುಕೊಡಬೇಕಾಯಿತು. ಹೊರಗಿನಿಂದ ಬಂದ ಅತಿಥಿಗಳು ಚಿಕ್ಕವಳ ಕಪ್ಪು ಗಾಜಿನ ಸುತ್ತ ಗುಂಪುಗೂಡಿ, ತನ್ನ ಮೇಜನ್ನು ಗೋಡೆಯಂತೆ ದಾಟಿ ಹೋದರು. ತಾನು ಮಾಡಿಕೊಟ್ಟ ಟೀಯನ್ನು ಕುಡಿದು ಅವರು ಚಿಕ್ಕವಳಿಗೆ ಥ್ಯಾಂಕ್ಸ್ ಹೇಳಿದರು. ಇಂಥವನ್ನು ಆಕೆ ಒಂದೊಂದಾಗಿ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿ ನಮ್ಮ ಮುಂದಿಡುತ್ತಿದ್ದಳು. ಹೊಟ್ಟೆಕಿಚ್ಚನ್ನು ಮುಚ್ಚಿಡುವುದು ಆಕೆಗೆ ಬಾರದು. ಅದಕ್ಕೇ ಆಕೆಯ ಮೇಲೆ ನಮಗೆ ಬೇಸರ ಹುಟ್ಟಲಿಲ್ಲವೋ ಏನೋ.

ಮನೆಯಲ್ಲಿ ಆಕೆ ಚಿಕ್ಕವಳ ಕೈಗಳನ್ನು ನೋಡತೊಡಗಿದಳು. ಡಬ್ಬಿಯ ಮುಚ್ಚಳ ತೆಗೆಯುವಾಗ, ಬಟ್ಟೆ ಹಿಂಡುವಾಗ, ಜಡೆ ಹೆಣೆಯುವಾಗ, ಬೆಳಗಿನ ಹೊತ್ತಿನಲ್ಲಂತೂ ಬಿಡದೆ. ಈ ಕಾಯಿಲೆ ಬೆಳಗ್ಗೆ ಬೆರಳುಗಳನ್ನು ಬಿಗಿದು ಹಿಡಿದು, ಹೊತ್ತೇರಿದಂತೆ ಸಡಿಲಿಸುತ್ತದೆ. ಅತ್ತೆ ಇದನ್ನು ಬೇರೆಯೇ ಬಗೆಯಲ್ಲಿ ಅರ್ಥ ಮಾಡಿಕೊಂಡು ಪಕ್ಕದ ಮನೆಯಾಕೆಯ ಹತ್ತಿರ ಹೇಳಿದರಂತೆ: "ಈಗೀಗ ನಮ್ಮ ದೊಡ್ಡವಳಿಗೆ ಚಿಕ್ಕವಳಂದ್ರೆ ಎಷ್ಟು ಪ್ರೀತಿ ಅಂತೀರಿ, ಕಣ್ಣೇ ತೆಗೆಯಲ್ಲ."

ಚಳಿ ಬಿದ್ದ ಮೇಲೆ ಒಂದು ಸಂಜೆ ಸೂಜಿಯಕ್ಕ ಬಂದು ಕುಳಿತಳು. ಟೀ ಆರಿತು.

"ಅಮ್ಮಾ, ಇವತ್ತು ಬೆಳಗ್ಗೆ ಅವಳು ನಲ್ಲಿಯನ್ನ ಅಂಗೈ ಬುಡದಿಂದ ತಿರುಗಿಸಿದಳು. ಬೆರಳು ಮಡಿಸಲಿಲ್ಲ. ಲ್ಯಾಬಲ್ಲಿ ಹನಿ ಹಾಕೋ ಪಿಪೆಟ್ಟಿನ ಗುಂಡಿಯನ್ನ ಎಡಗೈಯಲ್ಲಿ ಒತ್ತುತ್ತಿದ್ದಾಳೆ. ಯಾರಿಗೂ ಹೇಳಿಲ್ಲ. ಅವಳಿಗೇ ಗೊತ್ತಿದೆಯೋ ಇಲ್ವೋ. ನೋಡಿದ ಕೂಡಲೇ ನನಗೆ ಏನಾಯ್ತು ಗೊತ್ತಾ? ಸಂತೋಷ ಆಯ್ತು. ಎದೆ ತುಂಬ ಸಂತೋಷ. ಆಮೇಲೆ ಹಲ್ಲುಜ್ಜೋಕೂ ಆಗದೆ ಅಲ್ಲೇ ನಿಂತೆ."

ನನ್ನ ಹೆಂಡತಿ ಆರಿದ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಸಭೆ ತನಕ ಬಾಯಿ ಮುಚ್ಚಿಕೊಂಡಿದ್ರೆ ಸಾಕು. ಅಷ್ಟು ಹೊತ್ತಿಗೆ ಕೈ ಊದಿ ಎಲ್ಲರಿಗೂ ಕಾಣುತ್ತೆ. ಆಗ ಯಾರೂ ನನ್ನ ಪ್ಲೇಟನ್ನ ನೋಡಿ ನಗಲ್ಲ. ಈಗ ಹೇಳಿದ್ರೆ, ಗೆಲ್ಲೋಕೆ ವಾರಗಿತ್ತಿಗೆ ಕಾಯಿಲೆ ಕಟ್ಟಿದಳು ಅಂತಾರೆ. ಅವಳೂ ಅದನ್ನೇ ಅಂತಾಳೆ."

ನನ್ನ ಹೆಂಡತಿ ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟಳು. ಹಳದಿ ಕುಳಿಯ ಸುದ್ದಿ ತಿಳಿದ ಮೇಲೆ ವೈದ್ಯರು ಕೊಟ್ಟ ಔಷಧಿಯಿಂದ ನೋವು ಇಳಿದಿತ್ತು, ಆದರೆ ಬೆರಳುಗಳು ಗಾಳಿಗೆ ವಾಲಿದ ಪೈರಿನಂತೆ ಒಂದೇ ಕಡೆಗೆ ಬಾಗಿಕೊಂಡಿದ್ದವು. "ಇವು ಒಂದು ದಿನದಲ್ಲಿ ಸೊಟ್ಟಗಾಗಲಿಲ್ಲ ಕಣೇ. ಎಲ್ಲರೂ ಇಲ್ಲ ಇಲ್ಲ ಅಂತಿದ್ರಲ್ಲ, ಆಗ ಸೊಟ್ಟಗಾದ್ವು. ಇನ್ನು ನೆಟ್ಟಗಾಗಲ್ಲ."

ಮರುದಿನ ಸೂಜಿಯಕ್ಕ ಚಿಕ್ಕವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ನಮ್ಮ ಮನೆಗೆ ಬಂದಳು. ನಾನು ಹೊರಕೋಣೆಯಲ್ಲಿದ್ದೆ. ಅಡುಗೆಮನೆಯ ಮಾತೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು, ತೆರೆದ ಬಾಗಿಲಿನಿಂದ ಮೇಜೂ ಕಾಣುತ್ತಿತ್ತು.

"ಅಕ್ಕಾ, ನಿಮ್ಮ ಪ್ಲೇಟು ಗೆಲ್ಲೋಕೆ ನನ್ನ ಕೈ ಸೊಟ್ಟಗಾಗ್ಬೇಕಾ?" ಚಿಕ್ಕವಳ ದನಿಯಲ್ಲಿ ನಗು ಇರಲಿಲ್ಲ.

"ಆಗಲಿ ಅಂತಲೇ ಕಾದಿದ್ದೆ. ದಿನಾ ಬೆಳಗ್ಗೆ ನಿನ್ನ ಬೆರಳನ್ನೇ ನೋಡ್ತಿದ್ದೆ."



"ನೋಡ್ತಿದ್ದದ್ದು ಗೊತ್ತಿತ್ತು. ಅತ್ತೆ ಕೊಟ್ಟ ಉಂಗುರದ ಮೇಲೆ ಕಣ್ಣು ಅಂದ್ಕೊಂಡಿದ್ದೆ."

"ಉಂಗುರದ ಮೇಲೂ ಇತ್ತು. ಎಲ್ಲಿ, ತೆಗಿ ಅದನ್ನ."

"ಯಾಕೆ, ಈಗಲೇ ಬೇಕಾ?"

"ತೆಗಿ ಅಂದ್ನಲ್ಲ."

ಉಂಗುರ ಬರಲಿಲ್ಲ. ಚಿಕ್ಕವಳು ಸೋಪು ಹಚ್ಚಿದಳು, ಎಣ್ಣೆ ಹಚ್ಚಿದಳು. ಗೆಣ್ಣಿನ ಬಳಿ ಬಂದು ಅದು ನಿಂತುಬಿಟ್ಟಿತು. ಕಳೆದ ತಿಂಗಳವರೆಗೂ ಪಾತ್ರೆ ತೊಳೆಯುವಾಗ ಜಾರಿ ಬೀಳುತ್ತಿದ್ದ ಉಂಗುರ ಅದು. ನನ್ನ ಹೆಂಡತಿ ಅವಳ ಕೈಯನ್ನು ತನ್ನ ಕೈಯ ಪಕ್ಕದಲ್ಲಿಟ್ಟು, "ಬೆಳಗ್ಗೆ ಎಷ್ಟು ಹೊತ್ತು ಬಿಗಿದಿರುತ್ತೆ ಮಗೂ?" ಎಂದು ಕೇಳಿದಳು. ಚಿಕ್ಕವಳು ಅಳತೊಡಗಿದಳು.

"ಚಳಿಗೆ ಅಂದ್ಕೊಂಡಿದ್ದೆ," ಎಂದಳು. "ಅಲ್ಲ, ಚಳಿಗೆ ಅಂತ ಅಂದ್ಕೋಬೇಕು ಅಂದ್ಕೊಂಡಿದ್ದೆ."

"ಅಳಬೇಡ," ಎಂದಳು ಸೂಜಿಯಕ್ಕ ಒರಟಾಗಿ. "ಈಗ್ಲೇ ಔಷಧಿ ಶುರು ಮಾಡಿದ್ರೆ ಕೈ ಉಳಿಯುತ್ತೆ. ಬಂಗಾರದಂಥ ಕೈ ಅಂತೆ. ಕೆಡಿಸಿಕೊಂಡ್ರೆ ಅತ್ತೆ ನನ್ನನ್ನ ಸುಮ್ಮನೆ ಬಿಡ್ತಾರಾ?"

ಕೀಲುವೈದ್ಯರು ಗೆಣ್ಣುಗಳ ಸಾಲನ್ನು ಅಡ್ಡಲಾಗಿ ಅದುಮಿ ನೋಡಿದಾಗಲೇ ಚಿಕ್ಕವಳು ತುಟಿ ಕಚ್ಚಿದಳಂತೆ. ಆದರೆ ಅವಳಿಗೆ ಪೂರ್ತಿ ಮನವರಿಕೆಯಾದದ್ದು ವೈದ್ಯರ ಮುಂದಲ್ಲ, ತನ್ನ ಮೇಜಿನ ಮುಂದೆ. ತಾನೇ ತಿದ್ದಿ ತೀಡಿ ಸರಳಗೊಳಿಸಿದ ಪರೀಕ್ಷೆಗೆ ತನ್ನ ರಕ್ತದ ಹನಿಯನ್ನೇ ಹಾಕಿ ಕಪ್ಪು ಗಾಜನ್ನು ಅಲ್ಲಾಡಿಸಿದಳು. ದೊಡ್ಡವಳು ಹಿಂದೆ ನಿಂತು ನೋಡಿದಳು. ಹನಿ ಹಾಲಿನಂತೆ ನಯವಾಗಿಯೇ ಉಳಿಯಿತು. ಇನ್ನೊಮ್ಮೆ ಹಾಕಿದಳು, ನಯವಾಗಿಯೇ ಉಳಿಯಿತು. ಊದಿದ ಕೈಯಲ್ಲೇ ಗಾಜನ್ನು ತೊಳೆದಿಟ್ಟು, "ನನ್ನದೇ ನನ್ನನ್ನ ಹಿಡಿಯಲಿಲ್ಲ ಅಕ್ಕಾ," ಎಂದಳಂತೆ. ಆ ಗಳಿಗೆಯಲ್ಲಿ ಗೆದ್ದೆ ಎನಿಸಲಿಲ್ಲವೇ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ ಸೂಜಿಯಕ್ಕ, "ಅನ್ನಿಸ್ತು. ಅವಳು ಅಷ್ಟು ಸಣ್ಣ ಮುಖ ಮಾಡಿ ಅದನ್ನೂ ಹಾಳು ಮಾಡಿದಳು," ಎಂದಳು.

ಸಭೆಯ ದಿನ ಸೂಜಿಯಕ್ಕ ಮಾತಿಗೆ ಸಿದ್ಧಳಾಗಿ ಹೋಗಿದ್ದಳು. ಆದರೆ ಮೊದಲು ಎದ್ದು ನಿಂತವಳು ಚಿಕ್ಕವಳು. "ಮೊದಲ ಸಾಲಿನ ಆ ಹಳದಿ ಕುಳಿ ನಾನು," ಎಂದು ಆರಂಭಿಸಿ, ತಾನು ನಕ್ಕದ್ದನ್ನು, ಉಂಗುರ ಬರದೆ ಹೋದದ್ದನ್ನು, ತನ್ನ ಪರೀಕ್ಷೆಯೇ ತನಗೆ ಕೈಕೊಟ್ಟದ್ದನ್ನು ಹೇಳಿದಳು. ನೋವು ಕಾಣಿಸುವ ಮೊದಲೇ ರಕ್ತದಲ್ಲಿ ಸುಳಿವು ಇರುತ್ತದೆ, ಅಕ್ಕನ ಪ್ಲೇಟು ಅದನ್ನು ಓದಬಲ್ಲದು, ನಾವು ಓದಲಿಲ್ಲ ಎಂದಳು. ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಪ್ಲೇಟಿನ ಪರೀಕ್ಷೆಯೇ ಮುಂದಕ್ಕೆ ಹೋಗಲೆಂದೂ, ಮೊದಲು ಹೇಳಿದಂತೆ ಇನ್ನೊಂದನ್ನು ಕೈಬಿಡದೆ ಫ್ರಿಜ್ಜಿಲ್ಲದ ಹಳ್ಳಿಗಳಿಗಾಗಿ ಹಳೆಯದೂ ಇರಲೆಂದೂ ತೀರ್ಮಾನವಾಯಿತು. ಸೂಜಿಯಕ್ಕನ ದುಡಿಮೆ ಉಳಿಯಿತು. ಸಭೆ ಮುಗಿದ ಮೇಲೆ ಎಲ್ಲರೂ ಬಂದು ಕೈ ಕುಲುಕಿದರು. ಚಿಕ್ಕವಳ ಕೈಯನ್ನು, ಮೆಲ್ಲಗೆ, ನೋವಾಗದಂತೆ.

ಅಂದು ಸಂಜೆ ನಮ್ಮ ಮನೆಗೆ ಬಂದ ಸೂಜಿಯಕ್ಕನ ಮುಖ ಗೆದ್ದವಳ ಮುಖದಂತಿರಲಿಲ್ಲ.

"ಗೆದ್ದೆಯಲ್ಲೇ," ಎಂದಳು ನನ್ನ ಹೆಂಡತಿ.

"ಪ್ಲೇಟು ಗೆದ್ದಿತು. ಚಪ್ಪಾಳೆ ಅವಳಿಗೆ. ಕಾಯಿಲೆಯಲ್ಲೂ ಅವಳದೇ ಮೇಲುಗೈ ಅಮ್ಮಾ. ಮನೇಲಿ ಅತ್ತೆ ಬಾಳೆಹಣ್ಣು ಸುಲಿದು ಬಾಯಿಗಿಡ್ತಿದಾರೆ. ನನಗೂ ಒಂದು ಕೀಲು ನೋಯಬಾರದಾ ಅನ್ಸುತ್ತೆ."

ಆ ಮಾತು ಕೇಳಿ ನಾವು ನಕ್ಕೆವು, ಆಕೆ ನಗಲಿಲ್ಲ.

ಇವೆಲ್ಲ ನಡೆದು ವರ್ಷಗಳಾದವು. ಬೇಗ ಔಷಧಿ ಆರಂಭಿಸಿದ್ದರಿಂದ ಚಿಕ್ಕವಳ ಬೆರಳುಗಳು ನೆಟ್ಟಗೇ ಇವೆ. ವೈದ್ಯರು ಬೇರೆ ರೋಗಿಗಳಿಗೆ ಅವುಗಳನ್ನು ತೋರಿಸುತ್ತಾರೆ. ಅದಕ್ಕೂ ಸೂಜಿಯಕ್ಕನಿಗೆ ಸಣ್ಣ ಅಸಮಾಧಾನವಿದೆ. ಔಷಧಿ ಎಲ್ಲರಿಗೂ ಇಷ್ಟು ಚೆನ್ನಾಗಿ ಒಗ್ಗುವುದಿಲ್ಲವಂತೆ, ಅದರಲ್ಲಿಯೂ ಅವಳೇ ಮುಂದೆ. ಆದರೆ ಚಿಕ್ಕವಳ ರಕ್ತವನ್ನು ತೆಗೆಯಲು ಇಂದಿಗೂ ಬೇರೆ ಯಾರಿಗೂ ಬಿಟ್ಟಿಲ್ಲ.

ಈಗ ಸೂಜಿಯಕ್ಕ ಹೊಸದೊಂದು ಕೆಲಸ ಹಿಡಿದಿದ್ದಾಳೆ. ಸಂಧಿವಾತ ಇರುವವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು, ಹೀಗೆ ಇನ್ನೂ ಏನೂ ನೋಯದವರ ಮನೆಮನೆಗೆ ಹೋಗಿ ರಕ್ತ ತೆಗೆದು, ಯಾರ ಕುಳಿ ಹಳದಿಯಾಗುತ್ತದೆ, ಆದವರಲ್ಲಿ ಯಾರಿಗೆ ಮುಂದೆ ಕಾಯಿಲೆ ಬರುತ್ತದೆ ಎಂದು ವರ್ಷ ವರ್ಷ ಕಾದು ನೋಡುವ ಕೆಲಸ. ಆರೋಗ್ಯವಾಗಿರುವವರು ಸುಮ್ಮನೆ ತೋಳು ಕೊಡುತ್ತಾರೆಯೇ? ಮಾತಾಡಿ ಒಪ್ಪಿಸಬೇಕು. ಅದು ಸೂಜಿಯಕ್ಕನಿಂದ ಆಗದ್ದು. ಹೀಗಾಗಿ ಚಿಕ್ಕವಳು ಜೊತೆಗೆ ಹೋಗುತ್ತಾಳೆ. ಅವಳು ಕುಳಿತು ತನ್ನ ಬೆರಳು ತೋರಿಸುತ್ತ, ನಗಿಸುತ್ತ ಮಾತಾಡುವುದು, ಅಷ್ಟರಲ್ಲಿ ಇವಳು ನರ ಹುಡುಕಿ ಮುಗಿಸುವುದು.

ಕಳೆದ ವಾರ ನನ್ನ ಹೆಂಡತಿಯ ತಂಗಿಯ ಮನೆಗೆ ಅವರ ಈ ವರ್ಷದ ಸರದಿ ಬಂತು. ನಾನೂ ಅಲ್ಲಿಯೇ ಇದ್ದೆ. ಗಂಟೆ ಕೇಳಿ ನಾದಿನಿ ಬಾಗಿಲು ತೆರೆದಳು. ಹೊರಗೆ ಸೂಜಿಯಕ್ಕ ಪೆಟ್ಟಿಗೆ ಹಿಡಿದು ಒಬ್ಬಳೇ ನಿಂತಿದ್ದಳು.

"ಬನ್ನಿ ಬನ್ನಿ. ಅವರು ಬರಲಿಲ್ವಾ, ಆ ನಗ್ತಾ ಮಾತಾಡ್ತಾರಲ್ಲ ಅವರು?" ಎಂದು ನಾದಿನಿ ಆಕೆಯ ಭುಜದಾಚೆ ಇಣುಕಿದಳು.

ಸೂಜಿಯಕ್ಕ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಮೆಟ್ಟಿಲ ಕಡೆ ತಿರುಗಿ, "ಬೇಗ ಬಾರೇ, ಇಲ್ಲೂ ನಿನ್ನನ್ನೇ ಕೇಳ್ತಿದಾರೆ," ಎಂದು ಕೂಗಿದಳು.